ಎಣಿಕೆಗೆ ಬಾರದ ಕೈ

"ಮೇಡಂ, ಕೈ ಕೆಳಗ ಮಾಡ್ರಿ. ನಿಮ್ಮ ಹೆಸರು ಮತದಾರರ ಪಟ್ಟಿಯೊಳಗ ಇಲ್ಲ."

ಹಾವೇರಿ ಕಡೆಯ ಪಂಚಾಯತಿ ಅಧಿಕಾರಿ ಇದನ್ನು ಗ್ರಾಮಸಭೆಯಲ್ಲಿ, ಮೈಕಿನಲ್ಲೇ ಹೇಳಿದ. ಅವನು ಸಿದ್ದಾಪುರ ತಾಲೂಕಿಗೆ ಬಂದು ಎಂಟು ತಿಂಗಳು. ನಾನು ಹುಟ್ಟಿದ್ದೇ ಇದೇ ಜಿಲ್ಲೆಯ ಯಲ್ಲಾಪುರದಲ್ಲಿ. ಆದರೂ ಅವನೇ ಸರಿ. ಐರ್ಲೆಂಡಿನ ವೃದ್ಧಾಶ್ರಮವೊಂದರಲ್ಲಿ ಹದಿನಾರು ವರ್ಷ ದುಡಿದು, ಅಲ್ಲಿನ ಪೌರತ್ವ ಪಡೆದು, ಭಾರತದ್ದನ್ನು ಕಳೆದುಕೊಂಡವಳು ನಾನು. ಈಗ ನಿಲ್ಕುಂದದ ದಾರಿಯ ಒಂದು ಹಳ್ಳಿಯಲ್ಲಿ ಬಾಡಿಗೆ ಮನೆ, ಮೂವತ್ತು ಜೇನುಪೆಟ್ಟಿಗೆ. ಪೆಟ್ಟಿಗೆಗಳ ಪಕ್ಕದಲ್ಲೇ ಕಸದ ಘಟಕ ಕಟ್ಟಬೇಕೇ ಎಂಬುದು ಅಂದಿನ ಪ್ರಶ್ನೆ. ಪ್ಲಾಸ್ಟಿಕ್ ಸುಟ್ಟ ಹೊಗೆಯಲ್ಲಿ ಜೇನು ನಿಲ್ಲುವುದಿಲ್ಲ.

ಐರ್ಲೆಂಡಿನಲ್ಲಿ ಪೌರತ್ವ ಸಿಗುವ ಮೊದಲೇ, ಬರೀ ಆ ಊರಲ್ಲಿ ವಾಸವಿದ್ದೇನೆ ಎಂಬ ಕಾರಣಕ್ಕೆ, ಸ್ಥಳೀಯ ಕೌನ್ಸಿಲಿಗೆ ಮತ ಹಾಕಿದ್ದೆ. ಹೊರಗಿನಿಂದ ಬಂದು ನೆಲೆಸಿದವರನ್ನು ಅಲ್ಲಿ 'ಬ್ಲೋ-ಇನ್' ಎನ್ನುತ್ತಾರೆ: ಗಾಳಿಗೆ ಹಾರಿ ಬಂದು ಬಿದ್ದವರು. ಕುಹಕದ ಮಾತೇ. ಆದರೆ ಬಿದ್ದ ಜಾಗದ ಚರಂಡಿಯ ಬಗ್ಗೆ ಕೇಳುವ ಹಕ್ಕು ಅವರಿಗಿತ್ತು. ಇಲ್ಲಿ ನಾನು 'ನಮ್ಮ ಹುಡುಗಿ'. ಊಟಕ್ಕೆ ಕರೆಯುತ್ತಾರೆ, ಎಣಿಕೆಗೆ ಸೇರಿಸುವುದಿಲ್ಲ.

ಅಲ್ಲಿನ ಮತವೂ ಉಳಿಯಲಿಲ್ಲ. ದೇಶ ಬಿಟ್ಟು ಬೇರೆಡೆ ನೆಲೆಸಿದ ಐರಿಷ್ ಪ್ರಜೆಯ ಹೆಸರು ಪಟ್ಟಿಯಲ್ಲಿರುವುದಿಲ್ಲ. ಅಂಥವರಿಗೂ ರಾಷ್ಟ್ರಾಧ್ಯಕ್ಷರ ಚುನಾವಣೆಯಲ್ಲಿ ಮತ ಕೊಡುವ ಮಾತು ವರ್ಷಗಳಿಂದ ಇದೆ. ಜನಮತ ಕೇಳುತ್ತೇವೆ ಎನ್ನುತ್ತಾರೆ, ಮುಂದೂಡುತ್ತಾರೆ.

ಈ ಬೇಡಿಕೆಯ ಪರ ಮೊದಲಿನಿಂದಲೂ ಇದ್ದೆ ಎಂದು ಬರೆದು ಈಗಷ್ಟೇ ಅಳಿಸಿದೆ. ಸುಳ್ಳು. ಅಲ್ಲಿ ಪಕ್ಕದ ಮನೆಯ ಮೊಯ್ರಾ, ಆಸ್ಟ್ರೇಲಿಯಾ ಸೇರಿದ್ದ ಮಗಳಿಗಾಗಿ ಸಹಿ ಕೇಳಲು ಬಂದಾಗ, "ಬಿಟ್ಟು ಹೋದವರಿಗೆ ಮತ ಯಾಕೆ?" ಎಂದವಳು ನಾನೇ. ಅವಳು ನಕ್ಕಳು ಎಂದು ನೆನಪು. ನಕ್ಕಿರಲಾರಳು.

ಸಭೆಯಲ್ಲಿ ಕೈ ಇಳಿಸದೆ ನಿಂತೆ. ಪಂಚಾಯತಿ ಸದಸ್ಯೆ ಸೀತಕ್ಕ, ನನಗೆ ದೂರದ ಸಂಬಂಧಿ, ತೋಳು ಹಿಡಿದು ಎಳೆದಳು.

"ಕೂತ್ಕ ತಂಗಿ. ನಿಂಗೆ ಬ್ಯಾಸರ ಬಂದ್ರೆ ವಿಮಾನ ಇದ್ದು. ಯಂಗಕ್ಕೆ ಈ ಊರು ಬಿಟ್ರೆ ಎಂತ ಇದ್ದು?"

"ನನ್ನ ಜೇನು ಇಲ್ಲೇ ಇದ್ದಲೇ, ಸೀತಕ್ಕ."

"ಜೇನಿಗೂ ಓಟಿಲ್ಲೆ ಮಾರಾಯ್ತಿ."

ಸಭೆಯೆಲ್ಲ ನಕ್ಕಿತು. ನಾನು ಕೂತೆ.

ಕೈಗಳನ್ನು ಎರಡು ಸಲ ಎಣಿಸಿದರು, ಎರಡು ಸಲವೂ ಲೆಕ್ಕ ಬೇರೆ ಬಂತು, ಜಗಳವಾಯಿತು. ಅಧಿಕಾರಿ ನನ್ನತ್ತ ತಿರುಗಿದ. "ಮೇಡಂ, ನೀವ ಎಣಿಸ್ರಿ. ನಿಮಗ ಓಟಿಲ್ಲ, ನೀವು ಯಾರ ಕಡೀನೂ ಅಲ್ಲ."

ಎಣಿಸಿದೆ. ಘಟಕ ಬೇಕು ಎಂದವರು ನಲವತ್ತೊಂದು. ಬೇಡ ಎಂದವರೂ ನಲವತ್ತೊಂದು. ನಲವತ್ತೆರಡು ಎನ್ನಬಹುದಿತ್ತು, ಮತ್ತೆ ಎಣಿಸುವ ತಾಳ್ಮೆ ಯಾರಿಗೂ ಉಳಿದಿರಲಿಲ್ಲ. ಇದ್ದದ್ದನ್ನೇ ಹೇಳಿದೆ. ಸಮವಾದ್ದರಿಂದ ಪಂಚಾಯತಿ ಅಧ್ಯಕ್ಷರು ತಮ್ಮ ನಿರ್ಣಾಯಕ ಮತ ಹೇಳಿದರು: ಬೇಕು.

ಎಣಿಸಿದವರ ಸಹಿ ಬೇಕೆಂದು ಅಧಿಕಾರಿ ಪುಸ್ತಕ ಚಾಚಿದ. ಸಹಿ ಹಾಕಿ, ಕೆಳಗೆ ಈ ಹಳ್ಳಿಯ ಹೆಸರು ಬರೆದೆ. ಅವನು ಓದಿ, ಅದರ ಮೇಲೆ ಗೆರೆ ಎಳೆದು, 'ಐರ್ಲೆಂಡ್' ಎಂದು ತಿದ್ದಿದ. ಅಲ್ಲಿನ ಪಟ್ಟಿಯಲ್ಲೂ ನಾನಿಲ್ಲ.