ಬಾವಿಯಲ್ಲಿ ದೋಣಿ ನಡೆಸಿದ ದಿನ

ಠಾಣೆ ಜಿಲ್ಲೆಯ ಕಲ್ಯಾಣದ ಹಳೇ ಓಣಿಯೊಂದರಲ್ಲಿ ಒಂದು ವಾಡೆ ಇದೆ. ಒಂದು ಕಾಲಕ್ಕೆ ಇಬ್ಬರು ಚಿತ್ರಕಾರ ಅಣ್ಣತಮ್ಮಂದಿರು ಬಾಳಿದ ಮನೆ. ಈಗ ಕೆಳಗಿನ ಅಂತಸ್ತಿನಲ್ಲಿ ಅವರ ಚಿತ್ರಗಳನ್ನು ತೂಗುಹಾಕಿ ಗ್ಯಾಲರಿ ಮಾಡಿದ್ದಾರೆ, ಮೇಲಿನ ಅಂತಸ್ತಿನಲ್ಲಿ ಮನೆಯವರು ಇರುತ್ತಾರೆ. ರವಿವಾರ ಬಂತೆಂದರೆ ಠಾಣೆ, ಡೊಂಬಿವಲಿ, ಬೇಲಾಪುರದಿಂದ ಜನ ಗುಂಪು ಕಟ್ಟಿಕೊಂಡು ಅದನ್ನು ನೋಡಲು ಬರುತ್ತಾರೆ. ಆ ಗುಂಪುಗಳನ್ನು ತರುವ ಮಿನಿಬಸ್ಸು ನನ್ನದು. ಮಾಲೀಕನೂ ನಾನೇ, ಡ್ರೈವರನೂ ನಾನೇ. ಏಳನೇ ಇಯತ್ತೆಗೆ ಶಾಲೆ ಬಿಟ್ಟು, ವಿಜಾಪುರದಿಂದ ಬಂದು, ಕಲ್ಯಾಣದ ಗೋದಾಮಿನಲ್ಲಿ ಮೂಟೆ ಹೊತ್ತು, ಆಮೇಲೆ ಸ್ಟೇರಿಂಗ್ ಹಿಡಿದು, ಈ ಬೆನ್ನಿನ ಮೇಲೆ ಸಂಪಾದಿಸಿದ ಗಾಡಿ ಅದು.

ಆ ಮನೆಗೆ ನಾನು ತಂದಷ್ಟು ಜನರನ್ನು ಬೇರೆ ಯಾರೂ ತಂದಿಲ್ಲ. ಆದರೆ ನಾನು ಮಾತ್ರ ಒಳಗೆ ಕಾಲಿಟ್ಟಿರಲಿಲ್ಲ.

ಅದಕ್ಕೆ ಕಾರಣ ಇತ್ತು. ಮೊದಲ ಸಲ ಹೋದಾಗ ಎಲ್ಲರ ಹಿಂದೆ ನಾನೂ ಇಳಿದೆ. ಗುಂಪಿನ ಮುಂದಾಳು ಹೊರಳಿ ನೋಡಿ, "ಡ್ರೈವರ್, ನೀನು ಇಲ್ಲೇ ಇರು, ಚಪ್ಪಲಿ ಕಡೆ ಲಕ್ಷ್ಯ ಇರಲಿ" ಎಂದ. ಮೂವತ್ತು ಚಪ್ಪಲಿಗಳ ನಡುವೆ ನಿಂತು ನಾನು ಆವತ್ತೇ ನಿರ್ಧಾರ ಮಾಡಿದೆ: ಯಾರಾದರೂ ಮರ್ಯಾದೆಯಿಂದ ಒಳಗೆ ಕರೆಯುವ ತನಕ ಈ ಹೊಸ್ತಿಲು ದಾಟುವುದಿಲ್ಲ. ಆರು ವರ್ಷ ಯಾರೂ ಕರೆಯಲಿಲ್ಲ, ನಾನೂ ದಾಟಲಿಲ್ಲ.

ನನ್ನ ಗಾಡಿ ನಿಲ್ಲುವುದು ಗ್ಯಾಲರಿಯ ಕಿಟಕಿಯ ಕೆಳಗೆ, ಅಲ್ಲೊಂದು ಹುಣಸೆ ಮರದ ನೆರಳಿದೆ. ಒಳಗೆ ಗೈಡ್ ಆಗಿದ್ದವರು ಒಬ್ಬ ರಿಟೈರ್ಡ್ ಡ್ರಾಯಿಂಗ್ ಮಾಸ್ತರು. ಪ್ರತಿ ರವಿವಾರ ಅದೇ ಮಾತು, ಅದೇ ಜಾಗದಲ್ಲಿ ಅದೇ ಕೆಮ್ಮು. ಅವರು ಹೇಳುವುದು ಮರಾಠಿಯಲ್ಲಿ. ನನಗೆ ಅದು ಹೊಟ್ಟೆಪಾಡಿನ ಭಾಷೆ, ಒಂದಕ್ಷರ ಬಿಡದೆ ತಿಳಿಯುತ್ತದೆ. ಕೇಳಿ ಕೇಳಿ ಪೂರ್ತಿ ಬಾಯಿಪಾಠ ಆಗಿತ್ತು. ಯಾವ ಚಿತ್ರಕ್ಕೆ ಹೆಂಗಸರು "ಅಯ್ಯೋ ಪಾಪ" ಅನ್ನುತ್ತಾರೆ ಎಂಬುದೂ ಗೊತ್ತಿತ್ತು.

ಬರುವವರ ಪ್ರಶ್ನೆಗಳೂ ಕಿಟಕಿಯಿಂದ ಕೇಳುತ್ತಿದ್ದವು. ಠಾಣೆಯ ಹೌಸಿಂಗ್ ಸೊಸೈಟಿಯವರು ಚಿತ್ರಕ್ಕಿಂತ ಮೊದಲು ಗೋಡೆಗೆ ಬೆರಳಿನಿಂದ ಬಡಿದು ನೋಡುತ್ತಾರೆ. "ಸ್ಟೇಷನ್ನಿನಿಂದ ಏಳು ನಿಮಿಷ. ಇನ್ನೂ ರೀಡೆವಲಪ್‌ಮೆಂಟಿಗೆ ಕೊಟ್ಟಿಲ್ಲವಾ?" ಬೇಲಾಪುರದ ಆಫೀಸಿನವರು ಬಾಗಿಲಲ್ಲಿ ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡು, ಒಳಗೆ ಎಷ್ಟು ಬೇಗ ಹೋಗುತ್ತಾರೋ ಅಷ್ಟೇ ಬೇಗ ಹೊರಗೆ ಬರುತ್ತಾರೆ. ಮಹಿಳಾ ಮಂಡಳದವರು ಒಂದೇ ಬಣ್ಣದ ಸೀರೆ ಉಟ್ಟು ಬಂದು ತೂಗುಮಂಚದ ಮೇಲೆ ಪಾಳಿ ಹಚ್ಚುತ್ತಾರೆ. ಹಿರಿಯ ನಾಗರಿಕರಿಗೆ ಒಂದೇ ಪ್ರಶ್ನೆ, ಬಾತ್‌ರೂಮ್ ಎಲ್ಲಿ. ಕಲೆಯ ಬಗ್ಗೆ ನನಗೇನೂ ತಿಳಿಯದಿದ್ದರೂ ಕಲೆ ನೋಡಲು ಬರುವವರ ಬಗ್ಗೆ ಒಂದು ಪುಸ್ತಕ ಬರೆಯುವಷ್ಟು ತಿಳಿದಿತ್ತು.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ಡೊಂಬಿವಲಿಯ ನಮ್ಮ ಕನ್ನಡ ಸಂಘದವರು ಹೊರಟರು. ನಮ್ಮ ಸಂಘ ಅಂದೆ, ಯಾಕೆಂದರೆ ನಾನೂ ಆಜೀವ ಸದಸ್ಯ. ಆದರೆ ಸಂಘಕ್ಕೆ ನನ್ನ ನೆನಪಾಗುವುದು ಗಾಡಿ ಬೇಕಾದಾಗ. ಸಾಂಸ್ಕೃತಿಕ ಸಮಿತಿಗೆ ಸೇರಿಸಿಕೊಳ್ಳಿ ಎಂದು ಎರಡು ಸಲ ಚೀಟಿ ಬರೆದುಕೊಟ್ಟಿದ್ದೆ. "ಅದಕ್ಕೆ ಸ್ವಲ್ಪ ಓದಿದವರು ಬೇಕಾಗ್ತದೆ" ಎಂದು ಕಾರ್ಯದರ್ಶಿ ನಕ್ಕಿದ್ದರು. ಕಾರ್ಯದರ್ಶಿ ಉಡುಪಿ ಕಡೆಯವರು, ಬ್ಯಾಂಕ್ ಮ್ಯಾನೇಜರ್ ಆಗಿ ನಿವೃತ್ತರಾದವರು. ಈಗಲೂ ಎಲ್ಲರನ್ನೂ ಕೌಂಟರಿನ ಆಚೆ ನಿಂತವರ ಹಾಗೆಯೇ ನೋಡುತ್ತಾರೆ.

ಆ ದಿನ ಹದಿನಾಲ್ಕು ಜನರನ್ನು ಇಳಿಸಿ ನೆರಳಿಗೆ ಗಾಡಿ ಹಚ್ಚಿದೆ. ಎರಡು ನಿಮಿಷಕ್ಕೆ ಮ್ಯಾನೇಜರ್ ಸಾಹೇಬರು ಬೆವರು ಒರೆಸುತ್ತ ಹೊರಗೆ ಬಂದರು.

"ಎಂಥ ಅವಸ್ಥೆ ಮಾರಾಯ! ಗೈಡಿಗೆ ಕಣ್ಣಿನ ಆಪರೇಶನ್ ಅಂತೆ, ಇವತ್ತು ಬರುವುದಿಲ್ಲವಂತೆ. ಒಳಗೆ ಅಜ್ಜಿ ಒಬ್ಬರು ಕೂತಿದ್ದಾರೆ, ಅವರಿಗೆ ಮಂಡಿನೋವು, ನಿಲ್ಲಲಿಕ್ಕೆ ಆಗುವುದಿಲ್ಲ. ವಾಪಸ್ ಹೋಗುವುದೇ ಈಗ?"

"ನಾ ಹೇಳ್ತೀನಲ್ರೀ ಸಾಹೇಬ್ರ" ಎಂದೆ.

"ನೀನಾ?"

"ಆರು ವರ್ಷದಿಂದ ಬರ್ತಿದ್ದೀನ್ರಿ. ಒಂದೊಂದು ಚಿತ್ರ ನನಗ ಗೊತ್ತೈತಿ."

ಒಳಗೆ ಹೋಗಿದ್ದೇನೆ ಎಂದು ನಾನು ಹೇಳಲಿಲ್ಲ. ಹೋಗಿಲ್ಲ ಎಂದೂ ಹೇಳಲಿಲ್ಲ. ಅವರು ನನ್ನನ್ನು ಕೆಳಗಿನಿಂದ ಮೇಲೆ ನೋಡಿ, "ಬನ್ನಿ" ಎಂದರು. ಬಹುವಚನ. ಚಪ್ಪಲಿ ಕಳಚಿ, ಹದಿನಾಲ್ಕು ಜನರ ಮುಂದೆ ನಡೆದು ಆ ಹೊಸ್ತಿಲು ದಾಟಿದೆ.

ಮೊದಲ ಕೋಣೆಯಲ್ಲಿ ಎಲ್ಲ ಮನುಷ್ಯರ ಚಿತ್ರಗಳು. ಅಣ್ಣ, ತಮ್ಮ, ಅವರ ತಾಯಿ, ಮನೆಯ ಆಳು. ನಾನು ಕೇಳಿದ್ದ ಕ್ರಮದಲ್ಲೇ ಇದ್ದವು. ಮಾಸ್ತರರ ಮಾತನ್ನು ಕನ್ನಡ ಮಾಡಿ ಸರಸರ ಹೇಳಿದೆ. ರಿಟೈರ್ಡ್ ಕನ್ನಡ ಟೀಚರ್ ಒಬ್ಬರು ಬಂದಿದ್ದರು, ನಾನು ಅವರನ್ನು ಅಕ್ಕೋರ ಅನ್ನುವುದು. ಅವರು "ಎಷ್ಟು ಚೆನ್ನಾಗಿ ಹೇಳ್ತೀರಪ್ಪ" ಎಂದರು. ನನ್ನ ಎದೆ ಎರಡು ಇಂಚು ಉಬ್ಬಿತು.

ಎರಡನೆಯದು ನೀರಿನ ಕೋಣೆ. ಮಾಸ್ತರರ ಲೆಕ್ಕದಲ್ಲಿ ಐದು ಚಿತ್ರ, ಐದರಲ್ಲೂ ನೀರು. ನನ್ನ ಬಾಯಲ್ಲಿ ಕ್ರಮ ಸಿದ್ಧವಾಗಿತ್ತು: ಊರ ಪಕ್ಕದ ಹಿನ್ನೀರು, ಅಂದರೆ ಖಾಡಿಯ ಬೆಳಗು, ಠಾಣೆಯ ಕೆರೆ, ಖಾಲಿ ದೋಣಿ, ಹಿತ್ತಿಲ ಬಾವಿ, ಕೊನೆಗೆ ಮಳೆ. ಮೂಲೆಯ ಕುರ್ಚಿಯಲ್ಲಿ ಆ ಅಜ್ಜಿ ಕೂತಿದ್ದರು. ಚಿತ್ರಕಾರರಲ್ಲಿ ಅಣ್ಣನ ಸೊಸೆ, ಎಂಬತ್ತು ದಾಟಿದವರು, ಅವರಿಗೆ ಕನ್ನಡ ಬಾರದು. ನಾನು ಚಿತ್ರಗಳಿಗೆ ಬೆನ್ನು ಮಾಡಿ, ಜನರಿಗೆ ಮುಖ ಮಾಡಿ ನಿಂತೆ. ದೊಡ್ಡವರು ಭಾಷಣ ಮಾಡುವುದು ಹಾಗೇ ತಾನೆ.

"ಇದು ಖಾಡಿಯ ಬೆಳಗು. ಸೂರ್ಯ ಇನ್ನೂ ಹುಟ್ಟಿಲ್ಲ" ಎಂದೆ.

"ಆ ತಂಪು ನೋಡಿ, ಆ ತಂಪು!" ಎಂದು ಮ್ಯಾನೇಜರರು ಶಾಲು ಹೊದ್ದವರ ಹಾಗೆ ಭುಜ ಕುಗ್ಗಿಸಿದರು.

ಹೊರಳಿ ನೋಡಿದರೆ ಚಿತ್ರದಲ್ಲಿ ಮಟಮಟ ಮಧ್ಯಾಹ್ನ. ಮರದ ನೆರಳು ಮರದ ಬುಡಕ್ಕೇ ಬಿದ್ದಿತ್ತು. ಚಿತ್ರಕಾರರ ಬೆಳಗು ಹೀಗೇ ಇರುತ್ತದೇನೋ, ಏಳನೇ ಇಯತ್ತೆಯವನಿಗೆ ಏನು ತಿಳಿಯಬೇಕು ಎಂದುಕೊಂಡು ಮುಂದೆ ಹೋದೆ. ಎರಡನೆಯದಕ್ಕೆ ಕೆರೆಯ ಮಾತು ಹೇಳಿದೆ. ಚಿತ್ರದಲ್ಲಿ ನೀರಿತ್ತು, ಒಂದು ದೋಣಿಯೂ ಇತ್ತು. ಕೆರೆಯಲ್ಲಿ ದೋಣಿ ಇದ್ದೇ ಇರುತ್ತದಲ್ಲ, ಅದೂ ನಡೆದುಹೋಯಿತು.

ಮೂರನೆಯದು ನನಗೆ ಬಹಳ ಇಷ್ಟವಾದ ಕಥೆ. ತಮ್ಮ ಜ್ವರ ಬಂದು ಸತ್ತ. ದಿನಾ ಸಂಜೆ ಖಾಡಿಯಲ್ಲಿ ದೋಣಿ ನಡೆಸುತ್ತಿದ್ದವನು ಅವನು. ಅವನು ಹೋದ ಮೇಲೆ ಅಣ್ಣ ಒಂದು ವರ್ಷ ಬೇರೇನನ್ನೂ ಬರೆಯದೆ ಆ ಖಾಲಿ ದೋಣಿಯನ್ನೇ ಬರೆದ. ನಾನು ದನಿ ತಗ್ಗಿಸಿ, ಎರಡೂ ಕೈಯಿಂದ ಹುಟ್ಟು ಹಾಕುವುದನ್ನು ತೋರಿಸುತ್ತ ಹೇಳಿದೆ. ಅಕ್ಕೋರು ಸೆರಗಿನಿಂದ ಕಣ್ಣೊತ್ತಿಕೊಂಡರು. ಹಿಂದಿನ ಸಾಲಿನಿಂದ ಯಾರೋ ಮೆಲ್ಲಗೆ ಕೇಳಿದರು:

"ದೋಣಿ ಎಲ್ಲಿದೆ?"

ಹೊರಳಿ ನೋಡಿದೆ. ಚಿತ್ರದ ತುಂಬ ಒಂದು ಬಾವಿ. ಕಲ್ಲಿನ ಕಟ್ಟೆ, ಗಡಗಡೆ, ಹಗ್ಗ, ಕೊಡ. ಬಗ್ಗಿ ನೀರು ಸೇದುತ್ತಿರುವ ಒಬ್ಬ ಹುಡುಗಿ. ದೋಣಿ ಇರಲಿ, ದೋಣಿಯ ಹಲಗೆಯೂ ಇರಲಿಲ್ಲ. ನನ್ನ ಕೈ ಇನ್ನೂ ಹುಟ್ಟು ಹಿಡಿದ ಹಾಗೇ ಗಾಳಿಯಲ್ಲಿತ್ತು.

ಆಗಲೇ ತಪ್ಪಾಯಿತು ಎಂದು ಹೇಳಬಹುದಿತ್ತು. ಹೇಳಲಿಲ್ಲ. ನನ್ನನ್ನು ಉಳಿಸಿದವರು ಮ್ಯಾನೇಜರ್.

"ಎಂಥ ಪ್ರಶ್ನೆ ಮಾರಾಯ್ರೆ! ಖಾಲಿ ದೋಣಿ ಅಂದರೆ ದೋಣಿಯೇ ಇಲ್ಲದಿರುವುದು. ಇದು ಮಾಡರ್ನ್ ಆರ್ಟ್. ಎಲ್ಲಿ ಅಂತ ಕೇಳಬಾರದು, ಅನುಭವಿಸಬೇಕು."

ಹದಿಮೂರು ತಲೆ ಒಟ್ಟಿಗೆ ಅಲ್ಲಾಡಿದವು. ಪದವಿ ಪಡೆದವರೇ ಹೆಚ್ಚು ಇದ್ದ ಗುಂಪು ಅದು. ಚಿತ್ರದ ಕೆಳಗೆ ಹಿತ್ತಾಳೆಯ ಪಟ್ಟಿಯಲ್ಲಿ ಹೆಸರು ಕೆತ್ತಿತ್ತು. ಬಗ್ಗಿ ಓದಿದವರು ಒಬ್ಬರೂ ಇಲ್ಲ.

ನಾಲ್ಕನೆಯದರಲ್ಲಿ ಮಳೆ ಸುರಿಯುತ್ತಿತ್ತು, ನಾನು ಬಾವಿಯ ಮಾತು ಹೇಳಿ ಮುಗಿಸಿದೆ. ಐದನೆಯದರ ಜಾಗದಲ್ಲಿ ಬರೀ ಮೊಳೆ. ಚಿತ್ರಗಳು ಮುಗಿದಿದ್ದವು, ನನ್ನ ಹತ್ತಿರ ಇನ್ನೊಂದು ಕಥೆ ಉಳಿದಿತ್ತು. ಆಗ ಅರ್ಥವಾಯಿತು: ಮೊದಲ ಚಿತ್ರ ಎಲ್ಲಿಗೋ ಹೋಗಿದೆ, ಉಳಿದವು ಒಂದೊಂದು ಜಾಗ ಮುಂದೆ ಸರಿದಿವೆ. ಮಳೆಯ ಕಥೆಯನ್ನು ಕಿಟಕಿಯ ಕಡೆ ನೋಡುತ್ತ ಹೇಳಿಬಿಟ್ಟೆ.

ಚಪ್ಪಾಳೆ ಬಿತ್ತು. ಮ್ಯಾನೇಜರರು ಎಲ್ಲರ ಎದುರು ನನ್ನ ಭುಜ ತಟ್ಟಿದರು. "ಇವರನ್ನು ಸಾಂಸ್ಕೃತಿಕ ಸಮಿತಿಗೆ ತೆಗೆದುಕೊಳ್ಳಲೇಬೇಕು. ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ ಸನ್ಮಾನ." ಎರಡು ಸಲ ಚೀಟಿ ಬರೆದು ಸಿಗದಿದ್ದದ್ದು ಇಲ್ಲದ ದೋಣಿ ನಡೆಸಿದ್ದಕ್ಕೆ ಸಿಕ್ಕಿತು. ಅವರೆಲ್ಲ ಅಂಗಳಕ್ಕೆ ಚಹಾ ಕುಡಿಯಲು ಹೋದರು.

"ಡ್ರೈವರ್, ಇಕಡೆ ಯೇ" ಎಂದು ಅಜ್ಜಿ ಕರೆದರು. ಮುಂದಿನ ಮಾತೂ ಮರಾಠಿಯಲ್ಲೇ ಆದದ್ದು.

"ನನ್ನ ಬಾವಿಯಲ್ಲಿ ಯಾಕಪ್ಪಾ ದೋಣಿ ನಡೆಸಿದೆ?"

ಮಾತು ತಿಳಿಯದಿದ್ದರೂ ಅವರು ನನ್ನ ಕೈ ನೋಡಿದ್ದರು.

"ಮೊದಲನೆಯದಕ್ಕೆ ಗೆದ್ದಲು ಹತ್ತಿತ್ತು, ರಿಪೇರಿಗೆ ಹೋಗಿದೆ. ಆರು ವರ್ಷದಿಂದ ಬರುವವನು, ಇಷ್ಟೂ ಕಾಣಲಿಲ್ಲವಾ?"

"ಒಳಗೆ ಬಂದದ್ದು ಇವತ್ತೇ, ಆಜಿ."

"ಯಾಕೆ?"

"ಯಾರೂ ಕರೆಯಲಿಲ್ಲ."

ಅಜ್ಜಿ ಕೋಲನ್ನು ನೆಲಕ್ಕೆ ಕುಟ್ಟಿದರು. "ಬಾಗಿಲು ತೆರೆದೇ ಇತ್ತು. ನಿನಗೇನು ಅಕ್ಷತೆ ಕೊಟ್ಟು ಕರೆಯಬೇಕಿತ್ತಾ?" ಎಂದರು. ಆಮೇಲೆ ಕೋಲೆತ್ತಿ ಚಿತ್ರದ ಹುಡುಗಿಯನ್ನು ತೋರಿಸಿದರು. "ಅದು ನಾನು. ಮದುವೆಯಾಗಿ ಬಂದು ಎಂಟು ದಿನ ಆಗಿತ್ತು. ಮಾವನಿಗೆ ಬರೆಯುವುದು ಮುಗಿಯುವ ತನಕ ಬಗ್ಗಿದವಳು ಏಳಬಾರದು. ಸೊಂಟ ಆವತ್ತು ಹಿಡಿದದ್ದು ಇವತ್ತಿನ ತನಕ ಬಿಟ್ಟಿಲ್ಲ. ನಿನ್ನ ಜನ ನನ್ನ ಎದುರು ನಿಂತು ಅತ್ತರು. ಯಾರಿಗೋ ಅತ್ತರು. ನನ್ನನ್ನು ಯಾರೂ ನೋಡಲಿಲ್ಲ."

ಚಪ್ಪಲಿ ಕಾಯುತ್ತ ನಿಂತಾಗ ನನಗೂ ಅನಿಸಿದ್ದು ಅದೇ.

ಗಾಡಿ ಹೊರಟಿತು. ಕನ್ನಡಿಯಲ್ಲಿ ನೋಡಿದರೆ ಎಲ್ಲರೂ ಮೊಬೈಲಿನಲ್ಲಿ ಮುಳುಗಿದ್ದರು. ಶಾಲು ಬೇಕೋ ಬಾವಿ ಬೇಕೋ ಎಂದು ಪತ್ರಿ ಪೂಲ್ ಎಂಬ ಸೇತುವೆಯ ತನಕ ತೂಗಿದೆ. ಅಲ್ಲಿ ಟ್ರಾಫಿಕ್ ನಿಂತಾಗ ಎಂಜಿನ್ ಬಂದ್ ಮಾಡಿ ಎದ್ದು ನಿಂತೆ.

"ಒಂದು ಮಾತ್ರೀ. ನೀರಿನ ಕೋಣ್ಯಾಗ ನಾ ಹೇಳಿದ್ದೆಲ್ಲ ತಪ್ಪು. ಒಂದರ ಮಾತು ಇನ್ನೊಂದಕ್ಕ ಹೇಳೀನಿ. ದೋಣಿ ಅಂದದ್ದು ದೋಣಿ ಅಲ್ಲ, ಬಾವಿ. ಅದರಾಗಿನ ಹುಡುಗಿ ಆ ಅಜ್ಜಿ. ನಾ ಇವತ್ತಿನ ತನಕಾ ಒಳಗ ಹೋಗಿದ್ದೇ ಇಲ್ಲ."

ಮೊದಲು ಬಾಯಿ ತೆರೆದವರು ಮ್ಯಾನೇಜರ್.

"ನನಗೆ ಆವಾಗಲೇ ಗೊತ್ತಾಗಿತ್ತು. ನಿಮಗೆ ಬೇಸರ ಆಗಬಾರದು ಅಂತ ಸುಮ್ಮನಿದ್ದೆ."

"ಹಂಗಾದ್ರ ಅನುಭವಿಸಬೇಕು ಅಂದ್ರೆಲ್ರೀ?"

"ಅದು ಬೇರೆ. ಈಗ ಬಿಡು ಮಾರಾಯ, ಗ್ರೂಪಿಗೆ ಫೋಟೊ ಹಾಕಿಯಾಗಿದೆ, 'ಮನ ಕಲಕಿದ ಖಾಲಿ ದೋಣಿ' ಅಂತ. ಅರವತ್ತು ಲೈಕ್ ಬಂದಿದೆ. ಇನ್ನು ಬಾವಿ ಅಂದರೆ ಸಂಘದ ಮರ್ಯಾದೆ ಏನಾಗಬೇಕು? ಸಮಿತಿಗೆ ನಿನ್ನ ಹೆಸರು ಹೇಳುವವನು ನಾನೇ, ನೆನಪಿರಲಿ. ಹೊರಡು, ಊಟಕ್ಕೆ ಹೊತ್ತಾಯಿತು."

ಮತ್ತೆ ಏಕವಚನ. ಪೂಲು ಇಳಿದದ್ದೇ ಗಾಡಿಯನ್ನು ತಿರುಗಿಸಿದೆ.

"ಎಲ್ಲಿಗೆ? ಏ, ಎಲ್ಲಿಗೆ ಹೊರಟೆ?"

"ಬಾವಿ ನೋಡಾಕ್ರೀ ಸಾಹೇಬ್ರ. ಐದು ನಿಮಿಷ."

"ನಿನ್ನ ಸಮಿತಿ ಮುಗಿಯಿತು ಅಂತ ತಿಳಿ!"

"ತಿಳೀತ್ರಿ."

ಗೇಟಿನಲ್ಲಿ ನಾನೇ ಎಲ್ಲರಿಗೂ ಹೊಸದಾಗಿ ಟಿಕೆಟ್ ತೆಗೆದೆ, ಅದರಲ್ಲಿ ನನ್ನದೂ ಒಂದು. ಮ್ಯಾನೇಜರರು ಇಳಿಯಲಿಲ್ಲ. ಮೂರ್ನಾಲ್ಕು ಗಂಡಸರು ಅವರ ಜೊತೆಗೇ ಉಳಿದರು. ಅಕ್ಕೋರು ಮಾತ್ರ ಸೀದಾ ನೀರಿನ ಕೋಣೆಗೆ ಹೋಗಿ, ಕನ್ನಡಕ ಸರಿಮಾಡಿಕೊಂಡು, ಚಿತ್ರದ ಹತ್ತಿರ ಬಗ್ಗಿದರು. ಉಳಿದ ಹೆಂಗಸರು ಹಿಂದೆ ಬಂದರು. ಈ ಸಲ ನಾನು ಬಾಯಿ ತೆರೆಯಲಿಲ್ಲ.

"ಹಗ್ಗ ಹೊಸದು ಅಲ್ಲವಾ? ಅಂಗೈ ನೋಡಿ, ಸುಲಿದುಹೋಗಿದೆ. ಇದನ್ನ ಹೇಗೆ ಬರೆದರಪ್ಪ!" ಎಂದರು ಅಕ್ಕೋರು. ಹೊರಳಿ ಅಜ್ಜಿಯನ್ನು ತಮ್ಮ ಹರುಕು ಮರಾಠಿಯಲ್ಲಿ ಕೇಳಿದರು, "ದಿನಕ್ಕೆ ಎಷ್ಟು ಕೊಡ ಸೇದ್ತಿದ್ರಿ?"

"ನಲವತ್ತು. ಹಬ್ಬವಿದ್ದರೆ ಲೆಕ್ಕವಿಲ್ಲ."

"ನಮ್ಮಲ್ಲಿ ಗಡಗಡೆಯೂ ಇರಲಿಲ್ಲ" ಎಂದರು ಇನ್ನೊಬ್ಬರು, ಅವರೂ ಮರಾಠಿಯಲ್ಲೇ. "ಬಿಂದಿಗೆ ಬಾವಿಗೆ ಬಿದ್ದರೆ ಅತ್ತೆ ಊಟ ಹಾಕ್ತಿರಲಿಲ್ಲ."

"ನನ್ನದು ಮೂರು ಸಲ ಬಿದ್ದಿದೆ" ಎಂದು ಅಜ್ಜಿ ನಕ್ಕರು. ಮುಂದಿನ ಹಲ್ಲು ಎರಡು ಇರಲಿಲ್ಲ. "ಮಾವನಿಗೆ ಗೊತ್ತಿತ್ತು, ಅತ್ತೆಗೆ ಹೇಳಲಿಲ್ಲ. ಚಿತ್ರದ ಮೂಲೆಯಲ್ಲಿ ನೋಡಿ, ನೀರಿನೊಳಗೆ."

ಎಲ್ಲರೂ ಬಗ್ಗಿದರು, ನಾನೂ ಬಗ್ಗಿದೆ. ಬಾವಿಯ ಕಪ್ಪು ನೀರಿನಲ್ಲಿ ಅರ್ಧ ಮುಳುಗಿದ ತಾಮ್ರದ ಕೊಡ. ಹುಟ್ಟು ಹಾಕಿದಾಗ ಇದಕ್ಕೇ ಬೆನ್ನು ಕೊಟ್ಟು ನಿಂತಿದ್ದೆ.

ಐದು ನಿಮಿಷ ಎಂದದ್ದು ಅರ್ಧ ಗಂಟೆಯಾಯಿತು. ಅಕ್ಕೋರು ನೆಲದ ಮೇಲೇ ಚಕ್ಕಳಮಕ್ಕಳ ಹಾಕಿ ಕೂತಿದ್ದರು. ಕಿಟಕಿಯ ಕೆಳಗಿನಿಂದ ನನ್ನ ಗಾಡಿಯ ಹಾರ್ನ್ ಕೇಳಿತು. ಒಂದು ಸಲ, ಎರಡು ಸಲ, ಆಮೇಲೆ ಉದ್ದಕ್ಕೆ.

"ನಿಮ್ಮ ಸಾಹೇಬರು ಕರೀತಿದ್ದಾರೆ ನೋಡಪ್ಪ" ಎಂದರು ಅಕ್ಕೋರು.

"ಇರಲಿ ಬಿಡ್ರಿ ಅಕ್ಕೋರ. ಅಲ್ಲಿ ನೆರಳೈತಿ, ಒಳಗಿನ ಮಾತೂ ಚಲೋ ಕೇಳಸ್ತದ."