ಚನ್ನಪ್ಪಜ್ಜನ ಮಿಲಿಟರಿ ಬಟನ್

ದೇವರ ಜಗಲಿಯ ಮೇಲೆ ಕೋಟಿನ ಬಟನ್ ಇಟ್ಟು ಪೂಜಿಸುವುದನ್ನು ನೋಡಿದ್ದೀರಾ? ಕಳೆದ ವಾರ ಉಣಕಲ್‌ನಲ್ಲಿ ನಾನು ನೋಡಿದೆ. ವಿಭೂತಿ, ಕುಂಕುಮ, ಮೇಲೊಂದು ಸೇವಂತಿಗೆ. ಮುಗಿಯಬೇಕೋ ಬೇಡವೋ ತಿಳಿಯದೆ ಕೈ ಮುಗಿದೆ.

ಮನೆ ಅರಳೆ ವ್ಯಾಪಾರಿ ಬಸವರಾಜನದು. ಹಳೆಯ ಮಿಲಿಟರಿ ಬಟನ್ ನೋಡಿ ಅದರ ಕಾಲ ಹೇಳುವ ನನ್ನ ಹುಚ್ಚು ಅವನಿಗೂ ಗೊತ್ತು (ಹೆಂಡತಿ ಊರಿಗೆಲ್ಲ ಹೇಳಿದ್ದಾಳೆ). ಭಾನುವಾರ ಅವನ ಮನೆಯ ಮುಂದಿನ ರಸ್ತೆಗೆ ಅಜ್ಜನ ಹೆಸರಿಡುವುದಿತ್ತು: ‘ವೀರಯೋಧ ಚನ್ನಪ್ಪ ಅಡ್ಡರಸ್ತೆ’. ಆದರೆ ಅಜ್ಜ ಯುದ್ಧಕ್ಕೆ ಹೋಗಿದ್ದಕ್ಕೆ ಪುರಾವೆ ಎಲ್ಲಿ ಎಂದು ಓಣಿಯ ಕೆಲವರು ತಕರಾರು ತೆಗೆದಿದ್ದರು. ಇದ್ದದ್ದು ಈ ಬಟನ್ ಒಂದೇ. ಅದನ್ನು ನೋಡಿ ಬರೆದುಕೊಡಲೆಂದೇ ನನ್ನನ್ನು ಕರೆಸಿದ್ದ.

ಅದರ ಸ್ಥಿತಿ ಕೇಳಿದರೆ ನಗುತ್ತೀರಿ. ವರ್ಷವರ್ಷವೂ ದಸರೆಯ ಖಂಡೆಪೂಜೆಗೆ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕೀ ತಿಕ್ಕೀ ಲಾಂಛನವನ್ನೇ ಅಳಿಸಿಬಿಟ್ಟಿದ್ದಾರೆ. ಯಾವ ರೆಜಿಮೆಂಟ್ ಎಂದು ಬ್ರಹ್ಮನಿಗೂ ತಿಳಿಯದು. ಭಕ್ತಿ ಎಂದರೆ ಇದು ನೋಡಿ!

ಭೂತಗನ್ನಡಿ ತೆಗೆದೆ. ಓರೆಯಾಗಿ ಬೆಳಕು ಬಿಟ್ಟಾಗ ಕಿರೀಟದ ಗೆರೆ ಮಸುಕಾಗಿ ಕಂಡಿತು. ಕಿರೀಟವಿದ್ದರೆ ಇಂಗ್ಲಿಷರ ಕಾಲ. ನಮ್ಮ ಅಶೋಕಸ್ತಂಭದ ಸಿಂಹಗಳು ಬಂದದ್ದು ಆಮೇಲೆ. ಕಿರೀಟದ ಕಮಾನು ನಡುವೆ ತಗ್ಗದೆ ಗುಂಡಗಿತ್ತು. ಅಂದರೆ ವಿಕ್ಟೋರಿಯಾ ರಾಣಿ ಹೋಗಿ ರಾಜರು ಬಂದ ಮೇಲಿನದು. ಹಿಂಬದಿಯಲ್ಲಿ ಬರ್ಮಿಂಗ್‌ಹ್ಯಾಮ್ ಎಂಬ ಊರ ಹೆಸರು (ಹಿಂಬದಿಯನ್ನು ಯಾರು ತಿಕ್ಕುತ್ತಾರೆ?). ಅಸಲಿ ಮಾಲು, ಎರಡನೇ ಮಹಾಯುದ್ಧದ ಹೊತ್ತಿಗೂ ಹೊಂದುತ್ತದೆ ಎಂದೆ.

ಬಸವರಾಜ ಎದ್ದೇಬಿಟ್ಟ. ಅಲ್ಲೇ ಫೋನ್ ಹಚ್ಚಿ, ಬ್ಯಾನರ್‌ನಲ್ಲಿ ಅಜ್ಜನ ಹಿಂದೊಂದು ಟ್ಯಾಂಕ್ ಇರಲಿ ಎಂದು ಆರ್ಡರ್ ಕೊಟ್ಟ. ನನಗೆ ಪೇಡೆ ಬಂತು. ಸುಳ್ಳೇಕೆ, ನಾನೂ ಉಬ್ಬಿಹೋದೆ.

ಮೂಲೆಯಲ್ಲಿ ಒಬ್ಬ ಮುದುಕಿ ಶೇಂಗಾ ಸುಲಿಯುತ್ತಿದ್ದರು. ಗಂಗವ್ವ, ಚನ್ನಪ್ಪಜ್ಜನ ಮಗಳು, ಬಸವರಾಜನ ಸೋದರತ್ತೆ. ತಲೆ ಎತ್ತದೆಯೇ ಮಾತಾಡಿದರು.

“ಮಿಲಿಟರಿ ಕೋಟ ಖರೇ ಐತ್ರಿ. ನಮ್ಮಪ್ಪ ಸಂತ್ಯಾಗ ತಂದಿದ್ದ. ಥಂಡ್ಯಾಗ ಹೊಲಕ್ಕ ಹೋಗೂ ಮುಂದ ಹಾಕ್ಕೊಂತಿದ್ದ.”

ಅರ್ಧ ತಿಂದ ಪೇಡೆಯನ್ನು ತಟ್ಟೆಗೇ ಇಟ್ಟೆ. ಯುದ್ಧ ಮುಗಿದ ಮೇಲೆ ಅಂಥ ಕೋಟುಗಳು ಸಂತೆಯಲ್ಲಿ ರಾಶಿ ಬಿದ್ದಿರುತ್ತಿದ್ದವಂತೆ. ಬಟನ್ ಯಾವ ಕಾಲದ್ದೆಂದು ನಾನು ಹೇಳಬಲ್ಲೆ. ಕೋಟಿನೊಳಗೆ ಯಾರಿದ್ದರೆಂದು ತೋರಿಸುವ ಭೂತಗನ್ನಡಿ ಎಲ್ಲಿ ಸಿಗುತ್ತದೆ? ಇಷ್ಟು ವರ್ಷ ಯಾಕೆ ಹೇಳಲಿಲ್ಲ ಎಂದರೆ, ಯಾರೂ ಕೇಳಲಿಲ್ಲವಲ್ಲ ಎಂದರು ಗಂಗವ್ವ.

ಬಸವರಾಜ ನನ್ನನ್ನು ಪಕ್ಕಕ್ಕೆ ಕರೆದ. ಬಟನ್ ಅಸಲಿ ಎಂದಷ್ಟೇ ಬರೆದುಕೊಡಿ, ಕೋಟಿನ ಸುದ್ದಿ ಬೇಡ ಎಂದು ಪಿಸುಗುಟ್ಟಿದ. ಅತ್ತೆಯ ಕಿವಿ ಚುರುಕು.

“ಈ ರಸ್ತಾ ಹಾದದ್ದ ನಮ್ಮಪ್ಪನ ಹೊಲದಾಗ. ಆ ಹೊಲದ ಜ್ವಾಳ ತಿಂದ ನಾವೆಲ್ಲ ದೊಡ್ಡಾವ್ರಾದ್ವಿ. ಅವನ ಹೆಸರ ಇಡಾಕ ಅಂವ ಸಿಪಾಯಿನ ಆಗಬೇಕೇನು?”

ನನಗೆ ನಾಚಿಕೆಯಾಯಿತು. ಬರೆದುಕೊಡಲು ತೆಗೆದಿದ್ದ ಪೆನ್ನನ್ನು ಮೆಲ್ಲಗೆ ಜೇಬಿಗಿಳಿಸಿದೆ.

ಬಸವರಾಜನಿಗೆ ಮಾತ್ರ ಏನೂ ಆಗಲಿಲ್ಲ. ವ್ಯಾಪಾರಿಯಲ್ಲವೇ, ಪೇಟೆಯ ಧಾರಣೆ ಗೊತ್ತು.

“ರೈತ ಚನ್ನಪ್ಪ ಅಂತ ಬೋರ್ಡ್ ಹಾಕಿದ್ರ ಉದ್ಘಾಟನಿಗೆ ಯಾರ ಬರ್ತಾರ, ಅತ್ತಿ?”