ಕಂಪ್ಯೂಟರಿಗೆ ಅಮ್ಮ ಹೊದಿಸಿದ ಬಟ್ಟೆ

ಗೆಳೆಯರೇ, ಸಾಫ್ಟ್‌ವೇರಿನಲ್ಲಿ ಹನ್ನೆರಡು ವರ್ಷ ಸವೆಸಿದ ನನ್ನ ಮಾನವನ್ನು ಇವತ್ತು ಒಂದು ಕಸೂತಿ ಬಟ್ಟೆ ಕಳೆಯಿತು.

ಸ್ವೀಡನ್ನಿನ ವೆಸ್ಟೆರಾಸ್ ಊರಿನಲ್ಲಿ ನಮ್ಮ ಪಕ್ಕದ ಮನೆಯ ಬಿರ್ಗಿಟ್ಟಾ ಅಜ್ಜಿ ನಾಳೆ ವೃದ್ಧಾಶ್ರಮಕ್ಕೆ ಹೋಗುತ್ತಾರೆ. ನನ್ನ ಮಗಳನ್ನು ಎತ್ತಿ ಆಡಿಸಿದವರು. ಅವಳ ವಿಡಿಯೋಗಳನ್ನು ಡಿವಿಡಿಗೆ ಹಾಕಿಕೊಡೋಣವೆಂದರೆ, ಕನ್ವರ್ಟ್ ಆಗಲು ಇನ್ನೂ ಹದಿನೇಳು ಗಂಟೆ ಬೇಕೆಂದು ಕಂಪ್ಯೂಟರ್ ಹಟ ಹಿಡಿಯಿತು. ಎರಡು ಸಾಫ್ಟ್‌ವೇರ್ ಬದಲಿಸಿದೆ, ಎರಡನ್ನೂ ಬೈದೆ.

ಫಿಕಾ ಎಂಬ ಇಲ್ಲಿನ ಕಾಫಿ-ಹರಟೆಗೆ ಬಂದ ಅಜ್ಜಿ ಹಿಂದೆ ಮೋಟಾರು ಕಾರ್ಖಾನೆಯಲ್ಲಿ ದುಡಿದವರು. ಸಿಪಿಯು ಮೇಲೆ ಅಂಗೈ ಇಟ್ಟರು. "ಇದಕ್ಕೆ ಜ್ವರ ಬಂದಿದೆ. ಕಂಬಳಿ ಹೊದಿಸಿದ್ದು ಯಾರು?"

ನಾನು ಊರಿನಿಂದ ಬಂದಿರುವ ಅಮ್ಮನತ್ತ ನೋಡಿದೆ. "ಧೂಳು ಕೂರತ್ತಲ್ಲೋ, ಅದಕ್ಕೇ ಹೊದಿಸ್ದೆ," ಎಂದಳು. ಗಾಳಿಯಾಡುವ ಕಿಂಡಿಗಳೆಲ್ಲ ಅವಳ ಕಸೂತಿಯಡಿ ಮುಚ್ಚಿಹೋಗಿದ್ದವು. ಬಟ್ಟೆ ತೆಗೆದೆವು, ಕಂಪ್ಯೂಟರ್ ತಣ್ಣಗಾಗಿ, ಸಂಜೆಯೊಳಗೆ ಡಿವಿಡಿ ಸಿದ್ಧ!

ಅಮ್ಮ ಅದೇ ಬಟ್ಟೆಯನ್ನು ಮಡಿಸಿ ಅಜ್ಜಿಯ ಕೈಗಿಟ್ಟಳು. "ತುಂಬಾ ಉಪಕಾರ ಆಯ್ತು. ಇದನ್ನ ನಿಮ್ಮ ಡಿವಿಡಿ ಪ್ಲೇಯರ್‌ಗೆ ಹೊದಿಸಿ."

ಮುಖ ಹುಳ್ಳಗೆ ಮಾಡಿಕೊಂಡು ಅಮ್ಮನ ಮಾತನ್ನು ಅಜ್ಜಿಗೆ ಸ್ವೀಡಿಷ್‌ನಲ್ಲಿ ತಿಳಿಸಿದೆ. ಅಜ್ಜಿ ಬಟ್ಟೆಯನ್ನು ಎದೆಗೊತ್ತಿಕೊಂಡು ನಕ್ಕರು. "ಖಂಡಿತ ಹೊದಿಸ್ತೀನಿ. ಅದು ಕೆಟ್ಟರೆ ರಿಪೇರಿಗೆ ನೀವೆಲ್ಲ ಬರಲೇಬೇಕಲ್ಲ!"

ಆ ಪ್ಲೇಯರ್ ಬೇಗ ಬಿಸಿಯಾಗಲೆಂದು ನೀವೂ ಹಾರೈಸಿ.